ಅಂಕಿತ ಅಳಿಸದ ಗ್ರಂಥ

(ಬಾನುಲಿ ಭಾಷಣ)

ಬಹಳ ವರ್ಷಗಳ ಹಿಂದಿನ ಮಾತು. ೧೯೮೨ರ ಚಳಿಗಾಲದಲ್ಲಿ ಉತ್ತರದೇಶದ ಯಾತ್ರೆಗೆ ಹೊರಟಿದ್ದ ನಾನು ಒಂದು ಬೆಳಗಿನ ಜಾವ ಅಮೃತಸರದ ಹರಿಮಂದಿರದಲ್ಲಿ ಕುಳಿತಿದ್ದೆ. ತಲೆಗೆ ಕರವಸ್ತ್ರ ಕಟ್ಟಿಕೊಂಡಿದ್ದೆ; ತಣ್ಣನೆಯ ಅಮೃತಶಿಲೆಯ ಮೇಲೆ ಬರಿಗಾಲಿನಲ್ಲಿ ನಡೆದು ಬಂದದ್ದರಿಂದ ಪಾದಗಳು ಮರಗಟ್ಟಿದ್ದವು. ಹೊರಗೆ ಸರೋವರದ ಮೇಲೆ ಮಂಜು ಹಬ್ಬಿತ್ತು. ಒಳಗೆ ಹಾರ್ಮೋನಿಯಂ, ತಬಲಗಳೊಂದಿಗೆ ರಾಗಿಗಳು ಹಾಡುತ್ತಿದ್ದರು. ರಾಗಿ ಎಂದರೆ ಅಲ್ಲಿ ಕೀರ್ತನಕಾರ. ರಾಗ ಬಲ್ಲವನು ರಾಗಿ. ನಮ್ಮ ಹೊಲದ ರಾಗಿಗೂ ಆ ಮಾತಿಗೂ ಸಂಬಂಧವಿಲ್ಲ. ಪ್ರಾತಃಕಾಲದ ‘ಆಸಾ ದೀ ವಾರ್’ ಮುಗಿದು ಬೇರೆ ಪದಗಳು ಆರಂಭವಾಗಿದ್ದವು. ಭಾಷೆ ನನಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ರಾಗದ ಸುಖದಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ. ಇದ್ದಕ್ಕಿದ್ದಂತೆ ಒಂದು ಹೆಸರು ಕಿವಿಗೆ ಬಿದ್ದು ಕಣ್ಣು ತೆರೆಯಿತು. ರಾಗಿಗಳು ಮತ್ತೆ ಮತ್ತೆ ‘ಬೀಠಲ’ ಎಂದು ಕರೆಯುತ್ತಿದ್ದರು.

ಪುರಂದರದಾಸರ ಪದಗಳನ್ನು ಕೇಳುತ್ತ ಬೆಳೆದ ಕನ್ನಡಿಗನಿಗೆ ಆ ಹೆಸರು ಯಾರದೆಂದು ಹೇಳಿಕೊಡಬೇಕಾಗಿಲ್ಲ. ಪಂಢರಾಪುರದ ಇಟ್ಟಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ದೇವರು ಪಂಜಾಬಿನ ಈ ಸರೋವರದ ನಡುವೆ ಹೇಗೆ ಬಂದ? ಪಕ್ಕದಲ್ಲಿ ಕುಳಿತಿದ್ದ ಬಿಳಿಗಡ್ಡದ ವೃದ್ಧರೊಬ್ಬರನ್ನು, ಹೊರಗೆ ಬಂದ ಮೇಲೆ, ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ‘ಅದು ನಾಮದೇವ ಭಗತರ ಬಾಣಿ’ ಎಂದರು ಅವರು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ‘ನಮ್ಮ ವಿಠಲನನ್ನೇ ನೀವೂ ಹಾಡುತ್ತೀರಿ ಸರ್ದಾರ್‌ಜೀ! ಹಾಗಾದರೆ ನಾವೂ ನೀವೂ ಒಂದೇ ಆದೆವಲ್ಲ!’ ಎಂದುಬಿಟ್ಟೆ. ಅವರು ನಕ್ಕರು. ‘ಹಾಡು ಒಂದೇ, ಭಾಯಿ ಸಾಹೇಬ್. ಮನೆ ಮಾತ್ರ ನಿಮ್ಮದು ನಿಮಗೆ, ನಮ್ಮದು ನಮಗೆ. ಹೋಗಿ ಬರುವುದು ತಪ್ಪದಿದ್ದರೆ ಸಾಕು’ ಎಂದು ಹೇಳಿ, ಗೋಧಿ ಹಿಟ್ಟು, ತುಪ್ಪ, ಸಕ್ಕರೆಗಳ ಬಿಸಿ ಬಿಸಿ ಕಡಾ ಪ್ರಸಾದವನ್ನು ನನ್ನ ಅಂಗೈಗೆ ಹಾಕಿಸಿದರು.

ನಿಜ ಹೇಳುವುದಾದರೆ ಅಂದು ನನಗೆ ಸ್ವಲ್ಪ ನೋವಾಯಿತು. ಪ್ರೀತಿಯಿಂದ ಕೈ ಚಾಚಿದವನನ್ನು ಹೊಸ್ತಿಲಲ್ಲಿ ನಿಲ್ಲಿಸಿದಂತೆ ಅನ್ನಿಸಿತು. ಆ ಮಾತಿನಲ್ಲಿದ್ದ ವಿವೇಕ ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ಹಿಂದೂಗಳಿಗೂ ಸಿಖ್ಖರಿಗೂ ನಡುವೆ ಇರುವ ಭಕ್ತಿಯ ನಂಟನ್ನು ಕುರಿತು ಇಂದು ನಾನು ಹೇಳಬೇಕೆಂದಿರುವುದು ಆ ವೃದ್ಧರ ಮಾತಿನ ವ್ಯಾಖ್ಯಾನವಷ್ಟೆ.

ಮೊದಲು ಆ ಗ್ರಂಥದ ಸಂಗತಿಯನ್ನೇ ನೋಡೋಣ. ಐದನೆಯ ಗುರುಗಳಾದ ಅರ್ಜನ ದೇವರು ಅಮೃತಸರದಲ್ಲಿ ಕುಳಿತು, ಭಾಯಿ ಗುರುದಾಸರ ಕೈಯಲ್ಲಿ ಬರೆಸಿ, ೧೬೦೪ರಲ್ಲಿ ಆದಿಗ್ರಂಥವನ್ನು ಸಿದ್ಧಗೊಳಿಸಿದರು; ಹರಿಮಂದಿರದಲ್ಲಿ ಅದನ್ನು ಪ್ರತಿಷ್ಠಾಪಿಸಿದರು. ಮುಂದೆ ಹತ್ತನೆಯ ಗುರು ಗೋವಿಂದ ಸಿಂಗರು ತಮ್ಮ ತಂದೆ ತೇಗ್ ಬಹಾದುರರ ಪದಗಳನ್ನು ಅದಕ್ಕೆ ಸೇರಿಸಿದರು. ೧೭೦೮ರಲ್ಲಿ ನಾಂದೇಡಿನಲ್ಲಿ ದೇಹ ಬಿಡುವ ಮುನ್ನ, ಇನ್ನು ಮೇಲೆ ಗ್ರಂಥವೇ ಗುರು ಎಂದರು. ಇಂದು ಮುದ್ರಣಗೊಳ್ಳುವ ಗುರು ಗ್ರಂಥ ಸಾಹಿಬ್ ೧,೪೩೦ ಪುಟಗಳದು. ಅದರ ಬಹುಭಾಗ ೩೧ ರಾಗಗಳ ಕ್ರಮದಲ್ಲಿ ಹಂಚಿದೆ. ಸಾರಂಗ, ವಸಂತ, ಭೈರವ, ಮಲ್ಹಾರ, ಕಲ್ಯಾಣಗಳೊಂದಿಗೆ ಕಾನಡಾ ರಾಗವೂ ಅಲ್ಲಿದೆ; ಆ ರಾಗದ ಹೆಸರಿಗೆ ಕನ್ನಡನಾಡಿನ ಸಂಬಂಧವನ್ನು ಹೇಳುವುದುಂಟು.

ಧರ್ಮಗ್ರಂಥವೆಂದರೆ ಆಯಾ ಮತದ ಪ್ರವರ್ತಕರ ವಾಣಿಯಷ್ಟೇ ಇರುವುದು ಲೋಕದ ವಾಡಿಕೆ. ಅರ್ಜನ ದೇವರು ಆ ವಾಡಿಕೆಯನ್ನು ಮುರಿದರು. ಗುರುಗಳ ಪದಗಳ ಜೊತೆಗೆ ೧೫ ಮಂದಿ ಭಗತರ ಪದಗಳನ್ನು ಅವರು ಗ್ರಂಥದಲ್ಲಿ ಕೂಡಿಸಿದರು. ಇವರಲ್ಲಿ ಹೆಚ್ಚಿನವರು ನಾನಕರಿಗಿಂತ ಹಿಂದಿನವರು. ಸಿಖ್ಖರೆಂಬ ಹೆಸರೇ ಹುಟ್ಟದ ಕಾಲದವರು. ನೇಯ್ಗೆಯ ಕಬೀರರು, ಚರ್ಮದ ಕೆಲಸದ ರವಿದಾಸರು, ಸಿಂಪಿಗರ ನಾಮದೇವರು, ಕ್ಷೌರಿಕರಾದ ಸೈನರು, ಕಟುಕರಾದ ಸಧನಾ, ಬೇಸಾಯಗಾರ ಧನ್ನಾ, ಅರಸುತನ ಬಿಟ್ಟ ಪೀಪಾ, ಬ್ರಾಹ್ಮಣರಾದ ರಾಮಾನಂದರು, ಸೂಫಿ ಸಂತರಾದ ಶೇಖ್ ಫರೀದರು—ಹೀಗೆ ಒಬ್ಬೊಬ್ಬರದು ಒಂದೊಂದು ಕಸುಬು, ಒಂದೊಂದು ಸೀಮೆ. ಗೀತಗೋವಿಂದದ ಕವಿಯೆಂದು ಸಂಪ್ರದಾಯ ಗುರುತಿಸುವ ಜಯದೇವರ ಎರಡು ಪದಗಳೂ ಅಲ್ಲಿವೆ. ಕಬೀರರದು ೫೦೦ಕ್ಕೂ ಮಿಕ್ಕಿದ ಪದ್ಯಗಳು, ನಾಮದೇವರವು ೬೧ ಪದಗಳು. ನಮ್ಮ ಅನುಭವಮಂಟಪದ ಶರಣರ ಪಟ್ಟಿಯನ್ನು ಬಲ್ಲವರಿಗೆ ಈ ಕೂಟದ ಚಹರೆ ಅಪರಿಚಿತವೆನಿಸಲಾರದು.

ನಾಮದೇವರ ಒಂದು ಪದವನ್ನು ಇಲ್ಲಿ ಹೇಳಲೇಬೇಕು. ಉಲ್ಲಾಸದಿಂದ ಗುಡಿಗೆ ಬಂದ ಭಕ್ತನನ್ನು ಅಲ್ಲಿದ್ದವರು ಹೀನಕುಲದವನೆಂದು ಎಬ್ಬಿಸಿ ಹೊರಗಟ್ಟುತ್ತಾರೆ. ಆತ ತನ್ನ ಕಂಬಳಿಯನ್ನೆತ್ತಿಕೊಂಡು ಗುಡಿಯ ಹಿಂಬದಿಗೆ ಹೋಗಿ ಕುಳಿತು ಹಾಡುತ್ತಾನೆ. ಹಾಡಿದ ಹಾಗೆಲ್ಲ ಗುಡಿಯೇ ಭಕ್ತನತ್ತ ತಿರುಗುತ್ತದೆ. ಉಡುಪಿಯ ಕನಕನ ಕಿಂಡಿಯ ಮುಂದೆ ನಿಂತ ಯಾವ ಕನ್ನಡಿಗನಿಗೆ ಇದು ಹೊಸ ಕಥೆ? ಕನಕದಾಸರ ಕಥೆಯನ್ನು ನಾವು ಬಾಯಿಂದ ಬಾಯಿಗೆ ಉಳಿಸಿಕೊಂಡೆವು. ನಾಮದೇವರ ಕಥೆಯನ್ನು ಅವರದೇ ಹಾಡಿನಲ್ಲಿ ಪಂಜಾಬು ತನ್ನ ಪೂಜ್ಯ ಗ್ರಂಥದಲ್ಲಿರಿಸಿ ಕಾಪಾಡಿತು. ನಾಮದೇವರು ತಮ್ಮ ಬದುಕಿನ ಕೊನೆಯ ಭಾಗವನ್ನು ಗುರುದಾಸಪುರ ಜಿಲ್ಲೆಯ ಘುಮಾನ್ ಎಂಬ ಹಳ್ಳಿಯಲ್ಲಿ ಕಳೆದರೆಂದು ಪಂಜಾಬಿನ ಜನ ನಂಬುತ್ತಾರೆ. ಪಂಢರಾಪುರದಲ್ಲಾದರೆ ಗುಡಿಯ ಮಹಾದ್ವಾರದ ಮೆಟ್ಟಿಲೇ ಅವರ ಸಮಾಧಿಯೆಂದು ವಾರಕರಿಗಳು ಅದಕ್ಕೆ ನಮಿಸಿ ಒಳಗೆ ಹೋಗುತ್ತಾರೆ. ಎರಡು ಊರುಗಳೂ ಒಬ್ಬರನ್ನೇ ತಮ್ಮವರೆನ್ನುತ್ತವೆ, ಜಗಳವಿಲ್ಲ. ೨೦೧೫ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನವು ಮಹಾರಾಷ್ಟ್ರವನ್ನು ಬಿಟ್ಟು ಆ ಘುಮಾನಿನಲ್ಲೇ ನಡೆಯಿತು.

ಇನ್ನು ಈ ಸಂಕಲನದ ಒಳಗಿನ ಒಂದು ಕ್ರಮವನ್ನು ಗಮನಿಸಬೇಕು. ನನ್ನ ಮಾತಿನ ತಿರುಳು ಅಲ್ಲಿದೆ. ಕನ್ನಡ ಸಾಹಿತ್ಯದ ಓದುಗರಿಗೆ ಅಂಕಿತವೆಂದರೇನೆಂದು ಗೊತ್ತು. ಅಂಕಿತ ಕಳೆದ ವಚನ ಯಾರದೆಂದು ಹೇಳಲು ಪಂಡಿತರು ಎಷ್ಟು ತಿಣುಕಬೇಕು! ಗುರು ಗ್ರಂಥದಲ್ಲಿ ಆರು ಮಂದಿ ಗುರುಗಳ ಪದಗಳಿವೆ. ಆರೂ ಮಂದಿಯ ಅಂಕಿತ ‘ನಾನಕ’ ಎಂಬುದೊಂದೇ. ಯಾರ ರಚನೆಯೆಂಬುದನ್ನು ಪದದ ಮೇಲೆ ‘ಮಹಲಾ ಒಂದು’, ‘ಮಹಲಾ ಐದು’ ಎಂದು ಎಣಿಕೆಯಿಂದ ಸೂಚಿಸಿದೆ. ಆದರೆ ಭಗತರ ಪದಗಳಿಗೆ ಈ ಅಂಕಿತವನ್ನು ಹೊದಿಸಲಿಲ್ಲ. ಕಬೀರರ ಪದದಲ್ಲಿ ಕಬೀರರೇ ಮಾತಾಡುತ್ತಾರೆ, ರವಿದಾಸರದರಲ್ಲಿ ರವಿದಾಸರೇ. ಅವರನ್ನು ಮನೆಯೊಳಕ್ಕೆ ಕರೆದು ಗೌರವದ ಮಣೆ ಹಾಕಿದರು. ಹೆಸರು ಬದಲಿಸಿಕೊಂಡು ಬನ್ನಿ ಎನ್ನಲಿಲ್ಲ.

ಭಿನ್ನಾಭಿಪ್ರಾಯವಿದ್ದಲ್ಲಿಯೂ ಇದೇ ನಡತೆ. ಫರೀದರ ಶ್ಲೋಕಗಳ ನಡುನಡುವೆ ಗುರುಗಳ ಕೆಲವು ಶ್ಲೋಕಗಳು ಬಂದು ಕೂತಿವೆ. ಒಂದೆಡೆ ಫರೀದರು ದೇವರ ಹಂಬಲದಲ್ಲಿ ದೇಹವನ್ನೇ ಒಲೆಯಂತೆ ಉರಿಸುವ ಮಾತನಾಡುತ್ತಾರೆ. ಅದರ ಬೆನ್ನಿಗೇ ಇರುವ ನಾನಕರ ಶ್ಲೋಕ, ದೇಹ ಮಾಡಿದ ತಪ್ಪೇನು, ಪ್ರಿಯನನ್ನು ಒಳಗೇ ಕಾಣಬಾರದೇ ಎಂಬ ಭಾವವನ್ನು ಮುಂದಿಡುತ್ತದೆ. ಫರೀದರ ಮಾತನ್ನು ತಿದ್ದಿಲ್ಲ, ತೆಗೆದುಹಾಕಿಲ್ಲ. ಪಕ್ಕದಲ್ಲಿ ತಮ್ಮ ಮಾತನ್ನು, ತಮ್ಮದೆಂದು ಹೇಳಿ, ಇಟ್ಟಿದ್ದಾರೆ. ಒಪ್ಪದವನ ಜೊತೆ ಒಂದೇ ಪುಟದಲ್ಲಿ ಬಾಳುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಗ್ರಂಥದ ತುಂಬ ರಾಮ, ಹರಿ, ಗೋವಿಂದ ಎಂಬ ನಾಮಗಳಿವೆ. ಗುರುಗಳ ಹೆಸರುಗಳನ್ನೇ ನೋಡಿ: ರಾಮದಾಸರು, ಹರಗೋವಿಂದರು, ಹರರಾಯರು, ಹರಕೃಷ್ಣರು. ಅಮೃತಸರದ ಮಂದಿರವೂ ಹರಿಯ ಮಂದಿರವೇ. ಇದನ್ನು ಕಂಡು ನನ್ನಂಥವರು ಅವಸರದ ತೀರ್ಮಾನಕ್ಕೆ ಬರುವುದು ಸಹಜ. ಆದರೆ ಗುರುಗಳು ಆ ನಾಮಗಳಿಂದ ಕರೆದದ್ದು ಹುಟ್ಟು ಸಾವುಗಳಿಲ್ಲದ, ಆಕಾರವಿಲ್ಲದ ಒಬ್ಬನೇ ಒಡೆಯನನ್ನು; ಅವತಾರಪುರುಷನನ್ನಲ್ಲ, ಮೂರ್ತಿಯನ್ನಲ್ಲ. ಶಬ್ದ ಒಂದಾದರೂ ಅರ್ಥದ ಒತ್ತು ಬೇರೆ. ನಮ್ಮಲ್ಲಿ ನಿರ್ಗುಣೋಪಾಸನೆಯ ಪರಂಪರೆಯುಳ್ಳವರಿಗೆ ಆ ಅರ್ಥ ಹತ್ತಿರವಾದೀತು. ಸಗುಣಭಕ್ತರಿಗೆ ಸ್ವಲ್ಪ ದೂರವಾದೀತು. ಹತ್ತಿರವನ್ನು ಹತ್ತಿರವೆಂದೂ ದೂರವನ್ನು ದೂರವೆಂದೂ ಒಪ್ಪಿಕೊಂಡರೆ ನಂಟಿಗೆ ಕೇಡಿಲ್ಲ.

ಈ ವ್ಯತ್ಯಾಸ ಎಷ್ಟು ನಿಜವೋ, ಅದನ್ನು ದಾಟಿದ ಗೌರವ ಎಷ್ಟು ದೊಡ್ಡದೋ ಎಂಬುದಕ್ಕೆ ಒಂದು ಎಳೆ ಹತ್ತಿಯ ದಾರ ಸಾಕ್ಷಿಯಾಗಿದೆ. ನಾನಕರು ಬಾಲಕರಾಗಿದ್ದಾಗ ಉಪನಯನಕ್ಕೆಂದು ಪುರೋಹಿತರು ಬಂದರೆಂದೂ, ಹುಡುಗ ಯಜ್ಞೋಪವೀತವನ್ನು ಬೇಡವೆಂದನೆಂದೂ ಅವರ ಜೀವನಕಥೆಗಳು ಹೇಳುತ್ತವೆ. ದಯೆ, ಸಂತೃಪ್ತಿ, ಸತ್ಯಗಳಿಂದ ಹೊಸೆದ ದಾರವಿದ್ದರೆ ಕೊಡಿ ಎಂಬುದು ಅವರ ಬೇಡಿಕೆ. ಅಂದು ನಾನು ಕೇಳಿದ ‘ಆಸಾ ದೀ ವಾರ್’ನಲ್ಲಿಯೇ ಈ ಮಾತು ಬರುತ್ತದೆ. ಜನಿವಾರ ತಮಗೆ ಬೇಡವೆಂಬುದು ಸಿಖ್ಖರ ಮೊದಲ ಗುರುವಿನ ಖಚಿತವಾದ ನಿಲುವು.

ಈಗ ಒಂಬತ್ತನೆಯ ಗುರುವಿನ ಕಾಲಕ್ಕೆ ಬನ್ನಿ. ಔರಂಗಜೇಬನ ಆಳ್ವಿಕೆ. ಬಲವಂತದ ಮತಾಂತರಕ್ಕೆ ಹೆದರಿದ ಕಾಶ್ಮೀರದ ಬ್ರಾಹ್ಮಣರು ಕೃಪಾರಾಮರ ಮುಂದಾಳುತನದಲ್ಲಿ ಆನಂದಪುರಕ್ಕೆ ಬಂದು ಗುರು ತೇಗ್ ಬಹಾದುರರ ಮೊರೆಹೊಕ್ಕರೆಂದು ಸಿಖ್ ಪರಂಪರೆ ಹೇಳುತ್ತದೆ. ೧೬೭೫ರ ನವೆಂಬರಿನಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಗುರುಗಳ ಶಿರಚ್ಛೇದವಾಯಿತು. ಅವರ ಕಣ್ಣೆದುರಿಗೇ ಮತಿದಾಸ, ಸತಿದಾಸ, ದಯಾಲಾ ಎಂಬ ಮೂವರು ಅನುಯಾಯಿಗಳನ್ನು ಚಿತ್ರಹಿಂಸೆಯಿಂದ ಕೊಂದಿದ್ದರು. ಮತಿದಾಸ ಸತಿದಾಸರು ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಭಾಯಿ ಜೈತಾ ಎಂಬಾತ ಗುರುವಿನ ಶಿರಸ್ಸನ್ನು ಆನಂದಪುರಕ್ಕೆ ಒಯ್ದನು. ಲಖೀ ಶಾಹ್ ವಂಜಾರಾ ಎಂಬ ವ್ಯಾಪಾರಿ ಮುಂಡವನ್ನು ತನ್ನ ಮನೆಗೆ ಸಾಗಿಸಿ, ಯಾರಿಗೂ ಅನುಮಾನ ಬಾರದಂತೆ ಮನೆಗೇ ಬೆಂಕಿಯಿಟ್ಟು ಸಂಸ್ಕಾರ ಮಾಡಿದನು. ಸೀಸ್‌ಗಂಜ್, ರಕಾಬ್‌ಗಂಜ್ ಗುರುದ್ವಾರಗಳು ಈ ಎರಡು ನೆನಪುಗಳ ಸ್ಥಾನಗಳು. ೨೦೨೫ಕ್ಕೆ ಆ ಬಲಿದಾನಕ್ಕೆ ೩೫೦ ವರ್ಷ ತುಂಬಿತು.

ಕೇಳುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತನ್ನದೇ ದಾರಕ್ಕಾಗಿ ತಲೆ ಕೊಟ್ಟವರು ಚರಿತ್ರೆಯಲ್ಲಿ ಅನೇಕರಿದ್ದಾರೆ. ತನ್ನ ಪೀಠದ ಮೂಲಪುರುಷರು ಬೇಡವೆಂದು ತಿರಸ್ಕರಿಸಿದ ದಾರವನ್ನು ಇನ್ನೊಬ್ಬರು ಧರಿಸಬೇಕೆಂದರೆ ಧರಿಸಲಿ, ಆ ಹಕ್ಕು ಅವರದು ಎಂದು ತಲೆ ಕೊಟ್ಟವರು ಎಷ್ಟು ಮಂದಿ? ‘ನಾವೆಲ್ಲ ಒಂದೇ’ ಎಂಬ ಮಾತಿನಿಂದ ಈ ಬಲಿದಾನವನ್ನು ವಿವರಿಸಹೊರಟರೆ ಅದರ ಎತ್ತರ ಕುಗ್ಗುತ್ತದೆ. ಬೇರೆಯೆಂದು ತಿಳಿದೂ ಮಾಡಿದ್ದರಿಂದಲೇ ಅದು ಅಷ್ಟು ಎತ್ತರದ್ದು.

ಈ ಋಣದ ಇನ್ನೊಂದು ಬದಿಯೂ ಉಂಟು. ೧೭೦೪-೦೫ರ ಚಳಿಗಾಲದಲ್ಲಿ ಸರ್‌ಹಿಂದಿನ ಸುಬೇದಾರನು ಗುರು ಗೋವಿಂದ ಸಿಂಗರ ಇಬ್ಬರು ಎಳೆಯ ಮಕ್ಕಳನ್ನು ಗೋಡೆಯಲ್ಲಿ ಹೂಳಿಸಿ ಕೊಲ್ಲಿಸಿದನು. ಆ ಸಭೆಯಲ್ಲಿ ಮಕ್ಕಳ ಪರವಾಗಿ ದನಿಯೆತ್ತಿದವರು ಮಲೇರ್‌ಕೋಟ್ಲಾದ ಮುಸಲ್ಮಾನ ನವಾಬರು. ಕೊಲ್ಲಿರೆಂದು ಪ್ರಚೋದಿಸಿದವನು ಹಿಂದೂ ದಿವಾನ ಸುಚ್ಚಾನಂದ. ಒಳ್ಳೆಯತನಕ್ಕೆ ಮತದ ಗಡಿಯಿಲ್ಲ, ಕೇಡಿಗೂ ಇಲ್ಲ. ಮಕ್ಕಳ ದಹನಕ್ಕೆ ನೆಲ ಸಿಗದಾದಾಗ ಆ ಊರಿನ ವರ್ತಕರಾದ ದಿವಾನ್ ಟೋಡರಮಲ್ಲರು ಮುಂದೆ ಬಂದರು. ಅಕ್ಬರನ ಮಂತ್ರಿಯಾಗಿದ್ದ ಟೋಡರಮಲ್ಲ ಬೇರೆ, ಇವರು ಬೇರೆ. ನೆಲದ ಮೇಲೆ ಚಿನ್ನದ ನಾಣ್ಯಗಳನ್ನು ಒತ್ತೊತ್ತಾಗಿ ಹರಡಿ, ಅಷ್ಟು ಜಾಗವನ್ನು ಕೊಂಡರೆಂದು ಸಿಖ್ಖರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಇವು ದೊಡ್ಡವರ ಕಥೆಗಳು. ಸಾಮಾನ್ಯರ ಬಾಳಿನಲ್ಲಿ ಈ ನಂಟು ಇನ್ನೂ ಸಹಜವಾಗಿತ್ತು. ಪಂಜಾಬಿನ ಎಷ್ಟೋ ಹಿಂದೂ ಮನೆಗಳಲ್ಲಿ ಒಬ್ಬ ಮಗನನ್ನು, ಬಹುವಾಗಿ ಹಿರಿಯನನ್ನು, ಕೇಶಧಾರಿ ಸಿಖ್ಖನಾಗಿ ಬೆಳೆಸುವ ಪದ್ಧತಿಯಿತ್ತು. ಖತ್ರಿ ಮನೆತನಗಳಲ್ಲಿ ಎರಡೂ ಕಡೆಯ ಕೊಟ್ಟು ತರುವ ವ್ಯವಹಾರ ನಡೆಯುತ್ತಿತ್ತು. ಸಿಂಧದ ಹಿಂದೂಗಳು ತಮ್ಮ ಗುಡಿಗಳಲ್ಲಿ ಗುರು ಗ್ರಂಥವನ್ನಿಟ್ಟು ಪೂಜಿಸಿದರು; ೧೯೪೭ರಲ್ಲಿ ಊರು ಬಿಟ್ಟು ಬಂದಾಗ ಆ ಭಕ್ತಿಯನ್ನೂ ಜೊತೆಗೆ ತಂದರು. ಮಹಾರಾಜ ರಣಜಿತ್ ಸಿಂಗರು ಹರಿಮಂದಿರಕ್ಕೆ ಚಿನ್ನದ ತಗಡು ಹೊದಿಸಿದ್ದು ಎಲ್ಲರಿಗೂ ಗೊತ್ತು. ಕಾಶಿ ವಿಶ್ವನಾಥನ ಶಿಖರಕ್ಕೂ ಅವರೇ ಚಿನ್ನ ಕೊಟ್ಟರು.

ಹಾಗಾದರೆ ಬಿರುಕು ಬಂದದ್ದೆಲ್ಲಿ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಜನಗಣತಿಯ ಕಾಗದ ಪ್ರತಿಯೊಬ್ಬನನ್ನೂ ನೀನು ಯಾವ ಮತದವನೆಂದು ಕೇಳತೊಡಗಿತು. ಆರ್ಯಸಮಾಜದ ಕೆಲವರು ಸಿಖ್ಖರನ್ನು ಹಿಂದೂಗಳ ಒಂದು ಪಂಗಡವೆಂದರು. ಸಿಂಗ್ ಸಭೆಯವರು ಒಪ್ಪಲಿಲ್ಲ. ಭಾಯಿ ಕಾಹ್ನ ಸಿಂಗ್ ನಾಭಾ ಅವರು ೧೮೯೮ರಲ್ಲಿ, ‘ನಾವು ಹಿಂದೂಗಳಲ್ಲ’ ಎಂಬ ಅರ್ಥದ ಹೆಸರಿನ ಪುಸ್ತಕವನ್ನೇ ಪ್ರಕಟಿಸಿದರು. ಆ ಹೆಸರನ್ನು ಕೇಳಿದ ಕೂಡಲೇ ಮುನಿಯುವವರುಂಟು. ಆದರೆ ಯೋಚಿಸಿ ನೋಡಿ: ‘ನೀನು ನಾನೇ’ ಎಂದು ಒಬ್ಬ ಮತ್ತೆ ಮತ್ತೆ ಹೇಳಿದಾಗಲ್ಲದೆ ಇನ್ನೊಬ್ಬ ‘ನಾನು ನೀನಲ್ಲ’ ಎಂದು ಪುಸ್ತಕ ಬರೆಯಲಾರ. ಅಪ್ಪುಗೆ ಬಿಗಿಯಾದರೆ ಉಸಿರು ಕಟ್ಟುತ್ತದೆ. ಅಮೃತಸರದ ವೃದ್ಧರು ನನಗೆ ಹೇಳಿದ್ದೂ ಇದನ್ನೇ.

ಕೂಡಿ ಪೂಜಿಸುವುದೂ ಯಾವಾಗಲೂ ಸುಲಭವಲ್ಲ. ೨೦೨೩ರ ಜನವರಿಯಲ್ಲಿ ಇಂದೂರಿನ ಸಿಂಧಿ ಗುಡಿಗಳಲ್ಲಿ ದೇವಮೂರ್ತಿಗಳ ಜೊತೆಯಲ್ಲಿ ಗುರು ಗ್ರಂಥವನ್ನು ಇಟ್ಟಿದ್ದಕ್ಕೆ ಕೆಲವು ನಿಹಂಗರು ಆಕ್ಷೇಪಿಸಿದರು. ಸಿಂಧಿಗಳು ಎಷ್ಟೋ ಪ್ರತಿಗಳನ್ನು ಗುರುದ್ವಾರಕ್ಕೆ ಒಪ್ಪಿಸಿಬಿಟ್ಟರು. ಗ್ರಂಥವನ್ನು ಜೀವಂತ ಗುರುವೆಂದು ಕಾಣುವವರಿಗೆ ಅದರ ಮರ್ಯಾದೆಯ ನಿಯಮಗಳು ಮುಖ್ಯ. ತಲೆಮಾರುಗಳಿಂದ ಅದರ ಮುಂದೆ ದೀಪವಿಟ್ಟವರಿಗೆ ಅದನ್ನು ಹಿಂದಿರುಗಿಸುವುದು ಹಿರಿಯರನ್ನು ಮನೆಯಿಂದ ಕಳುಹಿಸಿದಂತೆ. ಎರಡೂ ಕಡೆಯ ನೋವು ನಿಜವಾದದ್ದು. ಇಂಥ ವಿಷಯದಲ್ಲಿ ಗಟ್ಟಿದನಿಗಿಂತ ತಾಳ್ಮೆಯ ಮಾತು ಬೇಕಿತ್ತೆಂದಷ್ಟೇ ನಾನು ಹೇಳಬಲ್ಲೆ.

ತಾಳ್ಮೆ ಪೂರ್ತಿ ಸತ್ತ ದಿನಗಳನ್ನೂ ನಾವು ಕಂಡಿದ್ದೇವೆ. ಪಂಜಾಬಿನಲ್ಲಿ ಬಸ್ಸುಗಳನ್ನು ನಿಲ್ಲಿಸಿ, ಹಿಂದೂಗಳೆಂದು ಗುರುತಿಸಿ, ಕೆಳಗಿಳಿಸಿ ಕೊಂದರು. ೧೯೮೪ರ ಜೂನಿನಲ್ಲಿ ನಾನು ಕುಳಿತಿದ್ದ ಆ ಸರೋವರದ ದಡದಲ್ಲಿ ಗುಂಡುಗಳು ಹಾರಿದವು. ಅದೇ ನವೆಂಬರಿನಲ್ಲಿ ದೆಹಲಿಯೊಂದರಲ್ಲೇ, ಸರ್ಕಾರದ ಲೆಕ್ಕದಂತೆ, ೨,೭೩೩ ಸಿಖ್ಖರು ಹತರಾದರು. ತೇಗ್ ಬಹಾದುರರು ಯಾರಿಗಾಗಿ ತಲೆಕೊಟ್ಟರೋ ಅವರ ವಂಶದ ಊರಿನಲ್ಲಿಯೇ ಎನ್ನಬೇಕಾಯಿತು. ಆ ದಿನಗಳಲ್ಲಿ ಸಿಖ್ ಸಂಸಾರಗಳನ್ನು ತಮ್ಮ ಮನೆಗಳಲ್ಲಿ ಬಚ್ಚಿಟ್ಟು ಉಳಿಸಿದ ಹಿಂದೂ ನೆರೆಯವರೂ ಇದ್ದರು. ಅದು ನಮಗೆ ಸಮಾಧಾನ ಕೊಡಬಹುದು. ಲೆಕ್ಕ ತೀರಿತೆಂದು ಹೇಳುವ ಅಧಿಕಾರ ಕೊಡಲಾರದು. ಪತ್ರಿಕೆ ಓದುತ್ತ ನನಗೆ ಆ ಬಿಳಿಗಡ್ಡದ ವೃದ್ಧರ ಮುಖವೇ ಕಣ್ಣಮುಂದೆ ಬರುತ್ತಿತ್ತು. ಅವರ ಹೆಸರನ್ನು ನಾನು ಕೇಳಿಟ್ಟುಕೊಂಡಿರಲಿಲ್ಲ.

ಇದೆಲ್ಲ ಎಲ್ಲೋ ದೂರದ ಉತ್ತರದ ಸುದ್ದಿ ಎನ್ನುವಂತೆಯೂ ಇಲ್ಲ. ನಮ್ಮ ಬೀದರಿನ ನಾನಕ್ ಝೀರಾ ನಿಮ್ಮಲ್ಲಿ ಹಲವರು ನೋಡಿರುವ ಸ್ಥಳ. ಹದಿನಾರನೆಯ ಶತಮಾನದ ಮೊದಲಲ್ಲಿ ದಕ್ಷಿಣ ಯಾತ್ರೆಗೆ ಬಂದ ನಾನಕರು ಇಲ್ಲಿ ತಂಗಿದ್ದರೆಂದೂ, ಉಪ್ಪುನೀರಿನಿಂದ ಬಳಲುತ್ತಿದ್ದ ಜನರ ಮೊರೆ ಕೇಳಿ ಕಲ್ಲೊಂದನ್ನು ಸರಿಸಿದಾಗ ಸಿಹಿನೀರಿನ ಒರತೆ ಚಿಮ್ಮಿತೆಂದೂ ಸ್ಥಳೀಯರ ನಂಬಿಕೆ. ಝೀರಾ ಎಂದರೆ ಒರತೆಯೇ. ೧೬೯೯ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಕತ್ತಿ ಹಿರಿದು ತಲೆ ಕೇಳಿದಾಗ ಎದ್ದು ಬಂದ ಐವರಲ್ಲಿ ಲಾಹೋರಿನವನೊಬ್ಬ, ಹಸ್ತಿನಾಪುರದವನೊಬ್ಬ, ಜಗನ್ನಾಥಪುರಿಯವನೊಬ್ಬ, ದ್ವಾರಕೆಯವನೊಬ್ಬ. ಐದನೆಯವನು ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಖಾಲ್ಸಾದ ಮೊದಲ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ನಮ್ಮ ಸೀಮೆಯವರು. ಚಮಕೌರಿನ ಯುದ್ಧದಲ್ಲಿ ಅವರು ಮಡಿದರು.

ಅಂಥ ಬೀದರಿನಲ್ಲಿಯೇ ೧೯೮೮ರ ಸೆಪ್ಟೆಂಬರಿನಲ್ಲಿ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳು ದೊಂಬಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಮುನ್ನೂರು ವರ್ಷಗಳ ಹಿಂದೆ ನಮ್ಮೂರಿನಿಂದ ಒಬ್ಬ ಹೋಗಿ ಅಲ್ಲಿ ಪೂಜ್ಯನಾದ. ಅಲ್ಲಿಂದ ಬಂದ ಮಕ್ಕಳನ್ನು ನಾವು ಜೀವಂತವಾಗಿ ಹಿಂದಕ್ಕೆ ಕಳುಹಿಸಲಾರದೆ ಹೋದೆವು. ಕನ್ನಡಿಗನಾಗಿ ಇದನ್ನು ಹೇಳುವಾಗ ತಲೆ ತಗ್ಗುತ್ತದೆ. ಹೇಳದೆ ಬಿಟ್ಟರೆ ಉಳಿದ ಸವಿಮಾತುಗಳೆಲ್ಲ ಸುಳ್ಳಾಗುತ್ತವೆ.

ಆಮೇಲೆ ನಾನು ಬೀದರಿಗೆ ಹೋಗಿದ್ದೆ. ಒರತೆಯ ನೀರು ಹರಿಯುತ್ತಲೇ ಇತ್ತು. ರುಮಾಲಿನ ರೈತನೊಬ್ಬ, ಕುಂಕುಮವಿಟ್ಟ ಹೆಂಗಸರು, ಪಂಜಾಬಿನಿಂದ ಬಂದ ಯಾತ್ರಿಕರು ಒಬ್ಬರಾದ ಮೇಲೊಬ್ಬರು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಲಂಗರಿನಲ್ಲಿ ಎಲ್ಲರೂ ಸಾಲಾಗಿ ನೆಲದ ಮೇಲೆ ಕುಳಿತರು. ನಮ್ಮವರು ಅದನ್ನು ದಾಸೋಹವೆಂದಾರು. ನನ್ನ ತಟ್ಟೆಗೆ ರೊಟ್ಟಿ ಹಾಕಿದ ತರುಣನನ್ನು ನಾನು ‘ನಾವೂ ನೀವೂ ಒಂದೇ ಅಲ್ಲವೇ’ ಎಂದು ಕೇಳಲಿಲ್ಲ. ‘ನಿಮ್ಮ ಹೆಸರೇನು?’ ಎಂದು ಕೇಳಿದೆ. ಅವನು ಹೇಳಿದ, ನನ್ನದನ್ನೂ ಕೇಳಿದ. ಹಿಂದೆ ಅಮೃತಸರದಲ್ಲಿ ಮರೆತಿದ್ದನ್ನು ಇಲ್ಲಿಯಾದರೂ ಕೇಳಿದೆನೆಂದು ಸಮಾಧಾನವಾಯಿತು.